ಅಣ್ಣ ಹೊಗಳಿದ ಬ್ಯಾಂಡು

ಆ ಶನಿವಾರ ಮಧ್ಯಾಹ್ನ ಬ್ರಿಸ್ಬೇನಿನ ಒಂದು ಮೈದಾನದಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ನಾಲ್ವರು ಹುಡುಗ ಹುಡುಗಿಯರ ಗಿಟಾರಿನ ಸದ್ದಿಗೆ ನಾನು ಕುಣಿಯುತ್ತಿದ್ದೆ. ಅದೇ ಹೊತ್ತಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಅಣ್ಣ ವೆಂಟಿಲೇಟರ್ ಮೇಲೆ ಮಲಗಿದ್ದ. ಮೈಸೂರಿನಲ್ಲಿರುವ ನಮ್ಮ ಬಂಧುಗಳಿಗೆಲ್ಲ ಇದು ಗೊತ್ತಿತ್ತು. ನನ್ನ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದ ಗೆಳತಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ.

ಇದರಲ್ಲಿ ಯಾರೂ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಒಬ್ಬೊಬ್ಬರನ್ನೂ ಬೈಯುವವಳಿದ್ದೇನೆ.

ದೂರದಲ್ಲಿರುವವರಿಗೆ ಕೆಟ್ಟ ಸುದ್ದಿಯನ್ನು ತಡಮಾಡಿ ಹೇಳುವುದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಅದಕ್ಕೆ ಅವರು ಇಟ್ಟಿರುವ ಹೆಸರು ಕಾಳಜಿ. ನಾನು ಪರ್ತ್‌ನ ಬೆಂಟ್ಲಿಯಲ್ಲಿ ಓದುತ್ತಿದ್ದಾಗ ಅಜ್ಜಿ ಹೋದಳು. ಪರೀಕ್ಷೆ ಮುಗಿಯುವವರೆಗೂ ನನಗೆ ಯಾರೂ ಹೇಳಲಿಲ್ಲ. ಫೋನು ಮಾಡಿದಾಗಲೆಲ್ಲ “ಅಜ್ಜಿ ಈಗ ತಾನೇ ಮಲಗಿದ್ರು” ಎನ್ನುತ್ತಿದ್ದರು. ಅಜ್ಜಿಗೆ ಯಾಕಿಷ್ಟು ನಿದ್ದೆ ಎಂದು ನಾನು ಕೇಳಲೂ ಇಲ್ಲ, ಪರೀಕ್ಷೆಯ ತಲೆಬಿಸಿಯಲ್ಲಿದ್ದೆ. ವಿಷಯ ತಿಳಿದ ದಿನ ಹಾಸ್ಟೆಲಿನಂಥ ಆ ಬಾಡಿಗೆ ಮನೆಯ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡು ಅತ್ತೆ. ಆಗ ನನಗೆ ಹೇಳಲೇಬೇಕಿತ್ತೆಂದು ಸೋದರಮಾವನ ಜೊತೆ ಜಗಳ ಆಡಿದವನು ಅಣ್ಣ ಒಬ್ಬನೇ. ಅಪ್ಪ ಅಮ್ಮ ಹೋದ ಮೇಲೆ ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಮಾವನದೇ ಆಗಿದ್ದವು. ಅವರ ಎದುರು ದನಿ ಎತ್ತುವುದು ಸಣ್ಣ ವಿಷಯವಾಗಿರಲಿಲ್ಲ.

ಅಣ್ಣ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟರು. ಚಿಕ್ಕಂದಿನಿಂದ ಉಬ್ಬಸ, ಹಾಗಾಗಿ ಹಾಡುವ ಹಾಗಿರಲಿಲ್ಲ. ಕಾಲೇಜು ದಿನಗಳಲ್ಲಿ ಗೆಳೆಯರ ಬ್ಯಾಂಡಿನಲ್ಲಿ ತಗ್ಗಿದ ದನಿಯ ಬಾಸ್ ಗಿಟಾರ್ ಹಿಡಿದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಆ ಬ್ಯಾಂಡು ಬೆರಳೆಣಿಕೆಯಷ್ಟು ಸಲ ವೇದಿಕೆ ಹತ್ತಿ, ಡ್ರಮ್ಮರನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ಮುಗಿದುಹೋಯಿತು. ಆದರೆ ಹುಚ್ಚು ಬಿಡಲಿಲ್ಲ. ಅವನಿಗೆ ಅಮೆರಿಕದವರ ಸಂಗೀತ ರುಚಿಸುತ್ತಿರಲಿಲ್ಲ. ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ, ಯಾರದೋ ಗ್ಯಾರೇಜಿನಲ್ಲಿ, ಮಳೆಗೆ ಬೇಜಾರಾಗಿ ಗಿಟಾರ್ ಹಿಡಿದ ಹುಡುಗರೇ ಬೇಕು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತನ್ನ ಹೆಡ್‌ಫೋನಿನ ಒಂದು ಕಿವಿಯನ್ನು ನನ್ನ ಕಿವಿಗೆ ಒತ್ತಿ, “ಗಿಟಾರ್ ಬಿಡು, ಅದು ಎಲ್ರಿಗೂ ಕೇಳಿಸುತ್ತೆ. ಕೆಳಗಡೆ ಬಾಸ್ ನಡೀತಾ ಇದೆಯಲ್ಲ, ಅದನ್ನ ಹಿಡ್ಕೊ” ಎಂದಿದ್ದ. ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿತು ಎಂದೆ. “ಸುಳ್ಳಿ, ಕತ್ತೆ” ಎಂದ. ಅಂದಿನಿಂದ ನಾನು ಕತ್ತೆಯೇ.

ಪರ್ತ್‌ಗೆ ಬಂದ ಮೊದಲ ವರ್ಷವೇ ಅಲ್ಲೊಂದು ವಾರಾಂತ್ಯದ ಸಂಗೀತೋತ್ಸವವಿದೆ, ಇಂಗ್ಲೆಂಡಿನ ಹೊಸ ಬ್ಯಾಂಡುಗಳೆಲ್ಲ ಬರುತ್ತವೆ ಎಂದು ಗೊತ್ತಾಯಿತು. ಪೋಸ್ಟರಿನ ಫೋಟೋ ಅಣ್ಣನಿಗೆ ಕಳಿಸಿದೆ.

“ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಇರೋರನ್ನ ಬಿಟ್ಟಾಕು,” ಎಂದ. “ಅವರನ್ನ ನೋಡೋಕೆ ಜನ ಇದ್ದಾರೆ. ಕೊನೇ ಸಾಲಲ್ಲಿ ಇರುವೆ ಥರ ಸಣ್ಣ ಅಕ್ಷರ ಇದೆಯಲ್ಲ, ಅವರ ಹತ್ರ ಹೋಗು. ಬಿಸಿಲಲ್ಲಿ ನಿಂತು ಯಾರಿಗೂ ಬೇಡದೆ ಬಾರಿಸ್ತಿರ್ತಾರೆ, ಪಾಪ. ಯಾರಾದ್ರೂ ಒಬ್ರು ಮುಂದೆ ನಿಂತ್ಕೋಬೇಕು.”

ಆಗ ನಾನು ವಾರಾಂತ್ಯದಲ್ಲಿ ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೆಲಸ ಮಾಡುತ್ತಿದ್ದೆ. ಪಾಳಿ ಬದಲಿಸಿಕೊಂಡು, ಒಂದೇ ಮನೆಯಲ್ಲಿದ್ದ ಗೆಳತಿಯನ್ನು ಎಳೆದುಕೊಂಡು ಹೋದೆ. ಅವಳು ಬೆಂಗಳೂರಿನ ಕ್ರಿಶ್ಚಿಯನ್ ಮನೆಯ ಹುಡುಗಿ. ಚರ್ಚಿನ ಕಾಯರ್‌ನಲ್ಲಿ ಹಾಡಿ ಬೆಳೆದವಳಾದ್ದರಿಂದ ಯಾರು ಎಲ್ಲಿ ಶ್ರುತಿ ತಪ್ಪಿದರು ಎಂದು ಥಟ್ಟನೆ ಹೇಳುತ್ತಿದ್ದಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲವೆಂದು ಗೇಟಿನ ಹೊರಗೆ ನಿಂತುಕೊಂಡೇ ಪುಳಿಯೋಗರೆ ಮುಗಿಸಿ ಒಳಗೆ ಹೋದೆವು. ಕೊನೆಯ ಸಾಲಿನ ಬ್ಯಾಂಡು ಬಾರಿಸುತ್ತಿದ್ದ ಟೆಂಟಿನ ಮುಂದೆ ನಿಂತು ಅಣ್ಣನಿಗೆ ಫೋನು ಮಾಡಿ, ಕೈ ಮೇಲೆತ್ತಿ ಹಿಡಿದೆ. ಮೈಸೂರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಹಾಡು ಮುಗಿದಾಗ ಫೋನಿನಿಂದ ಅವನ ದನಿ ಬಂತು: “ಬಾಸಿನವನನ್ನ ಊರಲ್ಲೇ ಬಿಟ್ಟು ಬಂದಿದ್ದಾರಾ?”

ಅದೇ ರೂಢಿಯಾಯಿತು. ಓದು ಮುಗಿದು ನಾನು ಅಡಿಲೇಡಿಗೆ ಬಂದೆ, ನೀರಿನ ಪೈಪುಗಳ ಎಂಜಿನಿಯರಾಗಿ ಗ್ಲೆನೆಲ್ಗ್‌ನಲ್ಲಿ ಮನೆ ಮಾಡಿದೆ. ಗೆಳತಿ ಸಂಶೋಧನೆಗೆಂದು ಬ್ರಿಸ್ಬೇನಿನ ಸೇಂಟ್ ಲೂಸಿಯಾಕ್ಕೆ ಹೋದಳು. ವರ್ಷಕ್ಕೊಮ್ಮೆ ಈ ಮೂರು ಊರುಗಳಲ್ಲಿ ಒಂದರಲ್ಲಿ ಸೇರಿ ಇಂಥದೊಂದು ಉತ್ಸವ ನೋಡುತ್ತಿದ್ದೆವು. ಪ್ರತಿ ಸಲವೂ ಕೊನೆಯ ಸಾಲು, ಪ್ರತಿ ಸಲವೂ ಅಣ್ಣನಿಗೆ ಫೋನು ಅಥವಾ ವಿಡಿಯೋ, ಪ್ರತಿ ಸಲವೂ ಅವನದೊಂದು ತಕರಾರು. “ಹಾಡೇನೋ ಸರಿ, ಎರಡು ನಿಮಿಷ ಮುಂಚೆ ನಿಲ್ಲಿಸಬಹುದಿತ್ತು.” “ಡ್ರಮ್ಮರ್‌ಗೆ ಬಸ್ ತಪ್ಪಿಹೋಗುತ್ತಾ, ಯಾಕೆ ಅಷ್ಟು ಅವಸರ?” ಅವನು ಆರಿಸಿದ್ದ ಒಂದು ಬ್ಯಾಂಡು ಮುಂದೆ ದೊಡ್ಡದಾಗಿ, ಅಡಿಲೇಡಿನ ಪೋಸ್ಟರಿನಲ್ಲಿ ಎಲ್ಲರಿಗಿಂತ ಮೇಲೆ ಬಂತು. ನಾನು ಹಿಗ್ಗಿ ಫೋನು ಮಾಡಿದರೆ, “ಈಗ ಅವರಿಗೆ ನಾವು ಬೇಡ ಬಿಡು” ಎಂದು ಕಾಫಿ ಹೀರಿದ. ಒಂದು ದಿನವಾದರೂ, ಒಂದು ಬ್ಯಾಂಡನ್ನಾದರೂ, ಅವನು ಸುಮ್ಮನೆ ಚೆನ್ನಾಗಿದೆ ಎಂದದ್ದಿಲ್ಲ. ಅವನ ಬಾಯಿಂದ ಅದೊಂದು ಮಾತು ಹೊರಡಿಸಬೇಕೆಂಬುದು ನನಗೆ ವರ್ಷವರ್ಷವೂ ಬೆಳೆಯುವ ಹಟವಾಗಿತ್ತು.

ಆ ವರ್ಷ ಬ್ರಿಸ್ಬೇನಿನ ಸರದಿ. ವಾರದ ಮೊದಲಲ್ಲಿ ಮಾತಾಡಿದಾಗ ಅಣ್ಣನಿಗೆ ಕೆಮ್ಮಿತ್ತು. “ಹವಾ ಸರಿ ಇಲ್ಲ ಅಷ್ಟೇ. ಶನಿವಾರ ಯಾರಿದ್ದಾರೆ ಹೇಳು” ಎಂದ. ಶೆಫೀಲ್ಡ್ ಕಡೆಯ ಒಂದು ಬ್ಯಾಂಡಿದೆ, ಬಾಸ್ ಬಾರಿಸುವವಳೇ ಹಾಡುವವಳು ಎಂದೆ. “ಹೌದಾ?” ಎಂದು ಕೆಮ್ಮುತ್ತಲೇ ಎದ್ದು ಕೂತಿದ್ದು ನನಗೆ ಕೇಳಿಸಿತು.

ಗುರುವಾರ ಅವನನ್ನು ಆಸ್ಪತ್ರೆಗೆ ಸೇರಿಸಿದರು, ಶ್ವಾಸಕೋಶಕ್ಕೆ ಸೋಂಕು ಹಬ್ಬಿತ್ತು. ಅಂದು ಸಂಜೆ ನಾನು ಫೋನು ಮಾಡಿದ್ದೆ. ಅತ್ತಿಗೆ ಎತ್ತಿಕೊಂಡು, “ಮಲಗಿದ್ದಾರೆ ಕಣಮ್ಮ, ಮಾತ್ರೆ ತಗೊಂಡು” ಎಂದರು. ಹಿಂದೆ ಏನೋ ಗದ್ದಲವಿತ್ತು. ಟೀವಿ ಇರಬೇಕು ಎಂದುಕೊಂಡೆ. ಅಂದೇ ಹೇಳಿದ್ದರೆ, ಆ ರಾತ್ರಿಯೇ ಹೊರಟು ಅವನಿಗೆ ಕೊಳವೆ ಹಾಕುವ ಮುಂಚೆ ಅವನ ಮಂಚದ ಪಕ್ಕದಲ್ಲಿರುತ್ತಿದ್ದೆ. ವಿಮಾನಗಳ ವೇಳೆ ನೋಡಿಯೇ ಹೇಳುತ್ತಿದ್ದೇನೆ. ಆಮೇಲೆ ಎಷ್ಟೋ ಸಲ ನೋಡಿದ್ದೇನೆ.

ಬದಲಿಗೆ ನಾನು ಶುಕ್ರವಾರ ಬ್ರಿಸ್ಬೇನಿನ ವಿಮಾನ ಹತ್ತಿದೆ. ಗೆಳತಿ ಕರೆದೊಯ್ಯಲು ಬಂದಿದ್ದಳು. ಅಷ್ಟರಲ್ಲಿ ಮಾವ ಅವಳಿಗೆ ಫೋನು ಮಾಡಿ ಎಲ್ಲ ಹೇಳಿ, “ಅವಳಿಗೆ ಸೋಮವಾರದವರೆಗೂ ಗೊತ್ತಾಗಬಾರದಮ್ಮ, ನೀನೇ ನೋಡ್ಕೊ” ಎಂದು ಮಾತು ತೆಗೆದುಕೊಂಡಾಗಿತ್ತು. ಆ ರಾತ್ರಿ ಅವಳು ಬಿಸಿಬೇಳೆಬಾತ್ ಮಾಡಿದ್ದಳು. ಅಡುಗೆಮನೆ ಎಂದರೆ ಮಾರು ದೂರ ಹೋಗುವವಳು.

“ಏನೇ ಇದು, ಬಸುರಿ ಹೆಂಗಸಿಗೆ ಮಾಡೋ ಥರ ಉಪಚಾರ?” ಎಂದು ರೇಗಿಸಿದೆ.

“ತಿನ್ನು ಸುಮ್ನೆ” ಎಂದು ಇನ್ನೊಂದು ಸೌಟು ಬಡಿಸಿದಳು.

ಶನಿವಾರ ಬಿಸಿಲೆಂದರೆ ಬಿಸಿಲು. ಶೆಫೀಲ್ಡಿನ ಬ್ಯಾಂಡು ವೇದಿಕೆಗೆ ಬಂದಾಗ ಮುಂದಿದ್ದವರು ಮೂವತ್ತೋ ನಲವತ್ತೋ ಜನ, ಅದರಲ್ಲೂ ಅರ್ಧದಷ್ಟು ಜನ ನೆರಳಿಗಾಗಿ ನಿಂತವರು. ನಾಲ್ವರ ಮೊಣಕಾಲುಗಳೂ ಸುಲಿದ ಆಲೂಗಡ್ಡೆಯಷ್ಟು ಬಿಳಿ. ಹಾಡುವ ಹುಡುಗಿಯ ಮೂಗಿನ ಮೇಲೆ ಸನ್‌ಸ್ಕ್ರೀನ್ ಇನ್ನೂ ಸರಿಯಾಗಿ ಉಜ್ಜಿರಲಿಲ್ಲ. ಮೊದಲ ಹಾಡಿಗೇ ಗಿಟಾರಿನವನ ತಂತಿ ಹರಿಯಿತು. ಅವನು ಬಗ್ಗಿ ತಡಕಾಡುತ್ತಿರುವಾಗ ಅವಳು ಹೆದರಲಿಲ್ಲ, ಕಣ್ಣು ಮುಚ್ಚಿ ಬಾಸ್ ಒಂದನ್ನೇ ಬಾರಿಸುತ್ತಾ ಹೋದಳು, ಡ್ರಮ್ಮರ್ ಮೆಲ್ಲಗೆ ಜೊತೆ ಕೊಟ್ಟ. ನೆರಳಿಗಾಗಿ ನಿಂತವರು ತಿರುಗಿ ನೋಡಿದರು. ಬಿಯರ್ ಹಿಡಿದು ಹೋಗುತ್ತಿದ್ದವರು ನಿಂತರು. ನನ್ನ ಎದೆಗೂಡಿನೊಳಗೆ ಆ ಸದ್ದು ಹೊಕ್ಕು ನಡೆಯತೊಡಗಿತು. ಇದು ಪೂರಾ ಅಣ್ಣನದು, ಅಣ್ಣನಿಗೆಂದೇ ತಂತಿ ಹರಿದಿದೆ ಎನ್ನಿಸಿ ವಿಡಿಯೋ ಮಾಡಿದೆ.

ಮುಗಿದ ಮೇಲೆ ಅವರೇ ಟೆಂಟಿನ ಹಿಂದೆ ಮೇಜು ಹಾಕಿಕೊಂಡು ಟೀಶರ್ಟು ಮಾರುತ್ತಿದ್ದರು. ಆ ಹುಡುಗಿಗೆ ಹೇಳಿದೆ: ನನ್ನ ಅಣ್ಣ ಇಂಡಿಯಾದಲ್ಲಿದ್ದಾನೆ, ಬಾಸ್ ಬಾರಿಸುತ್ತಿದ್ದ, ಯಾರನ್ನೂ ಹೊಗಳುವುದಿಲ್ಲ, ನಿನ್ನನ್ನು ಇವತ್ತು ಹೊಗಳಲೇಬೇಕು. ಅವಳಿಗೆ ಬಲು ಖುಷಿಯಾಯಿತು. ಊರಿನ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ನನ್ನ ಫೋನಿನ ಹತ್ತಿರ ಬಗ್ಗಿ, ಹಲೋ ಮೈಸೂರು, ನಾನು ಒಂದು ಕಡೆ ತಪ್ಪು ಬಾರಿಸಿದೆ, ಎಲ್ಲಿ ಅಂತ ನೀವೇ ಹೇಳಿ ಎಂದು ಇಂಗ್ಲಿಷಿನಲ್ಲಿ ಅಂದಳು. ಅದನ್ನೂ ಅಣ್ಣನಿಗೆ ಕಳಿಸಿದೆ.

ಸುಮಾರು ಹೊತ್ತಿನ ಮೇಲೆ ಉತ್ತರ ಬಂತು. “ತುಂಬಾ ಚೆನ್ನಾಗಿದೆ. ನೀನು ಖುಷಿಯಾಗಿರು.”

ನಾನು ಅಕ್ಷರಶಃ ಕಿರುಚಿದೆ. ಅಣ್ಣ ಹೊಗಳಿಬಿಟ್ಟ! ಇಷ್ಟು ವರ್ಷಗಳ ಮೇಲೆ! ಫೋನನ್ನು ಗೆಳತಿಯ ಮುಖಕ್ಕೆ ಹಿಡಿದೆ. “ನೋಡೇ, ನೋಡು, ತುಂಬಾ ಅಂತ ಬೇರೆ ಬರೆದಿದ್ದಾನೆ!” ಅವಳು ಓದಿದಳು. “ನೀರು ತಗೊಂಡ್ಬರ್ತೀನಿ” ಎಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ನೀರೂ ಇರಲಿಲ್ಲ. “ಅಲರ್ಜಿ ಕಣೇ, ಈ ಹುಲ್ಲಿಗೆ” ಎಂದಳು. ನಂಬಿದೆ. ಅವತ್ತು ಯಾರು ಏನು ಹೇಳಿದರೂ ನಂಬುತ್ತಿದ್ದೆ, ಅಷ್ಟು ಸಂತೋಷವಾಗಿತ್ತು. ಆ ಉತ್ತರದಲ್ಲಿ ಕತ್ತೆ ಎಂಬ ಪದವಿಲ್ಲ, ಅಣ್ಣ ನನಗೆ ಹೀಗೆ ಬರೆಯುವವನೇ ಅಲ್ಲ ಎಂಬುದೆಲ್ಲ ಹೊಳೆಯಲಿಲ್ಲ. ಹೊಗಳಿಕೆ ಎಂದರೆ ಹೀಗೇ ಇರುತ್ತದೇನೋ ಎಂದುಕೊಂಡೆ.

ಅಣ್ಣ ಆ ರಾತ್ರಿಯೇ ಹೋದ.

ಭಾನುವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಗೆಳತಿ ಚರ್ಚಿಗೆ ಹೋಗಿದ್ದಳು. ಉತ್ಸವದ ಭಾನುವಾರ ಅವಳು ಯಾವತ್ತೂ ಚರ್ಚಿಗೆ ಹೋದವಳಲ್ಲ. ವಾಪಸು ಬಂದಾಗ, “ಏನಮ್ಮಾ, ಅಷ್ಟೊಂದು ಪಾಪ ಮಾಡಿದ್ದೀಯಾ?” ಎಂದೆ. “ಹೂಂ” ಎಂದಳು. ನಾನು ನಕ್ಕೆ. ಆ ನಗು ನೆನಪಾದಾಗಲೆಲ್ಲ ಅವಳ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಮಧ್ಯಾಹ್ನ ಗ್ಲಾಸ್ಗೋದ ಮೂವರು ಬಾರಿಸಿದರು. ಜನ ಜಾಸ್ತಿ ಇದ್ದರು, ನೂಕುನುಗ್ಗಲಿನಲ್ಲಿ ನಾವೂ ಹಾರಿದೆವು. ಇನ್ನೊಂದು ವಿಡಿಯೋ ಕಳಿಸಿ, “ಇದನ್ನೂ ಹೊಗಳಿಬಿಡು, ಕೈ ಬಿಸಿ ಇರೋವಾಗ್ಲೇ” ಎಂದು ಬರೆದೆ. ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು, ಅದು ಅವನನ್ನು ಮನೆಯಿಂದ ಎತ್ತಿದ ಹೊತ್ತು.

“ಯಾಕೋ ಉತ್ತರಾನೇ ಇಲ್ಲ ಕಣೇ” ಎಂದೆ.

“ಭಾನುವಾರ ಅಲ್ವಾ, ಮಲಗಿರ್ತಾರೆ.”

ಇಷ್ಟು ಹೇಳಿದವಳು ಥಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ನನಗೆ ಅಜ್ಜಿಯ ನಿದ್ದೆ ನೆನಪಾಯಿತು. ನಾನು ಅವಳ ಕೈ ಹಿಡಿದು ಬಾಯಿಂದ ತೆಗೆಸಿದೆ. “ಏನಾಗಿದೆ ಹೇಳು,” ಎಂದೆ. ಸುತ್ತ ಜನ ಹಾರುತ್ತಲೇ ಇದ್ದರು. ಅವಳು ನನ್ನನ್ನು ಬೇಲಿಯ ಬಳಿ ಎಳೆದುಕೊಂಡು ಹೋಗಿ ಹೇಳಿದಳು.

ನಾನು ಏನೇನು ಕೂಗಿದೆನೋ ಗೊತ್ತಿಲ್ಲ. ಕನ್ನಡದಲ್ಲಿ ಕೂಗಿದೆ, ಅವಳನ್ನು ಹೊಡೆದೆ ಕೂಡ. ಅವಳು ಹೊಡೆಸಿಕೊಂಡು ನಿಂತಳು. ಜನ ನಾನು ಕುಡಿದಿದ್ದೇನೆ ಎಂದುಕೊಂಡರು. ಕಾವಲಿನ ಹೆಂಗಸೊಬ್ಬಳು ಬಂದು, ಯೂ ರೈಟ್, ಡಾರ್ಲ್, ಅಂದರೆ ಹುಷಾರಾಗಿದ್ದೀಯೇನಮ್ಮ, ಎನ್ನುತ್ತಾ ಹುಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ಗ್ಲಾಸ್ಗೋದವರು ಕೊನೆಯ ಹಾಡೆಂದು ಘೋಷಿಸಿದರು, ಎಲ್ಲರೂ ಓ ಎಂದರು.

“ಮಾವ ಸೋಮವಾರ ಹೇಳು ಅಂದಿದ್ರು,” ಎಂದು ಗೆಳತಿ ಅಳುತ್ತಿದ್ದಳು. “ನನ್ನ ಕೈಲಿ ಆಗ್ಲಿಲ್ಲ ಕಣೇ.”

“ಶುಕ್ರವಾರ ಹೇಗೆ ಆಯ್ತು? ಬಿಸಿಬೇಳೆಬಾತ್ ಮಾಡೋಕೆ ಆಯ್ತಲ್ಲ?” ಎಂದೆ.

ಮೈಸೂರು ತಲುಪಿದಾಗ ನೋಡಲು ಅಣ್ಣನ ಮುಖ ಇರಲಿಲ್ಲ. ಮೂರನೆಯ ದಿನ ಶ್ರೀರಂಗಪಟ್ಟಣದಲ್ಲಿ ಒಂದು ಮಡಕೆಯನ್ನು ತೋರಿಸಿ ಇದು ಅವನು ಎಂದರು. ಕೆಂಪು ಬಟ್ಟೆ ಕಟ್ಟಿತ್ತು. ನಾನು ಮುಟ್ಟಿದೆ, ನೀರಿಗೆ ಬಿಟ್ಟರು, ಅಷ್ಟೇ. ಮುಖ ನೋಡದೆ ಹೋದರೆ ಮನಸ್ಸು ಒಪ್ಪುವುದಿಲ್ಲ. ಕಾವೇರಿಯ ಮೆಟ್ಟಿಲ ಮೇಲೆ ನಿಂತು ಮಾವನ ಮೇಲೆ ಹರಿಹಾಯ್ದೆ. ಪುರೋಹಿತರು ಮಂತ್ರ ನಿಲ್ಲಿಸಿದರು.

“ನೀನು ಬರೋ ಹೊತ್ತಿಗೆ ಹೇಗೂ ಮುಗಿದಿರ್ತಿತ್ತಮ್ಮಾ,” ಎಂದರು ಮಾವ. “ಹೆಣ್ಣು ಹುಡುಗಿ, ಒಬ್ಬಳೇ ಅಷ್ಟು ದೂರ ಪ್ಲೇನಲ್ಲಿ ಅಳ್ಕೊಂಡು ಬರ್ಬೇಕಿತ್ತಾ? ನಿನ್ನ ಒಳ್ಳೇದಕ್ಕೇ ಮಾಡಿದ್ದು.”

ನಲವತ್ತು ದಾಟಿದ, ಒಂದು ಊರಿಗೆ ನೀರು ಹರಿಸುವ ಹುಡುಗಿ ನಾನು! “ಮತ್ತೆ ಈಗ ಹೇಗೆ ಬಂದೆ? ನಗ್ತಾ ಬಂದ್ನಾ?” ಎಂದು ಕೇಳಿದೆ. ಅವರೂ ಅಳುತ್ತಿದ್ದರು. ಅಳುವವರನ್ನು ಎಷ್ಟೆಂದು ಬೈಯುವುದು?

ಅತ್ತಿಗೆಯನ್ನು ಮಾತ್ರ ಏನೂ ಕೇಳದೆ ಬಿಟ್ಟಿದ್ದೆ. ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟು, ಬಾಡಿಗೆ ಪಾತ್ರೆಗಳನ್ನು ಹಿಂದಿರುಗಿಸಿದ ಮೇಲೆ ನಾವಿಬ್ಬರೇ ಉಳಿದೆವು. ಅವರು ಅಣ್ಣನ ಅಂಗಿಗಳನ್ನು ಮಡಿಸುತ್ತಿದ್ದರು. ಯಾರಿಗೆ ಕೊಡುವುದೆಂದು ಗೊತ್ತಿರದೆ ಸುಮ್ಮನೆ ಮಡಿಸಿದ್ದನ್ನೇ ಮಡಿಸುತ್ತಿದ್ದರು.

“ಆ ಮೆಸೇಜು ನಾನೇ ಹಾಕಿದ್ದು,” ಎಂದು ಅವರೇ ತೆಗೆದರು. “ಏನಾದ್ರೂ ಹಾಕು, ಇಲ್ದಿದ್ರೆ ಅವಳಿಗೆ ಅನುಮಾನ ಬರುತ್ತೆ ಅಂದ್ರು ಮಾವ. ನಂಗೆ ಆ ಹಾಡುಗಳೆಲ್ಲ ತಿಳಿಯಲ್ಲ. ಐಸಿಯು ಹೊರಗಡೆ ಬೆಂಚಲ್ಲಿ ಕೂತಿದ್ದೆ. ಸೌಂಡ್ ಇಲ್ದೆ ನೋಡ್ದೆ. ಆ ಹುಡುಗಿ ಕಣ್ಣು ಮುಚ್ಚಿದ್ಲು. ಚೆನ್ನಾಗಿದೆ ಅಂತ ಹಾಕ್ದೆ.”

“ಅಣ್ಣನಿಗೆ ಕೇಳಿಸಿದ್ರಾ?”

“ಫೋನ್ ಒಳಗೆ ಬಿಡ್ತಿರ್ಲಿಲ್ಲ.”

ಇಷ್ಟು ದಿನ ಒಳಗಿಟ್ಟುಕೊಂಡಿದ್ದ ಒಂದು ಪ್ರಶ್ನೆ ನನ್ನಲ್ಲಿತ್ತು. ಕೇಳುವಾಗಲೇ ಉತ್ತರ ಹೌದು ಎಂದಾಗಲಿ ಎಂದು ದೇವರನ್ನು ಬೇಡಿಕೊಂಡೆ. ಹೌದೆಂದರೆ ಮಾವನನ್ನೂ ಗೆಳತಿಯನ್ನೂ ಎಲ್ಲರನ್ನೂ ಅಲ್ಲೇ ಕ್ಷಮಿಸಿಬಿಡುತ್ತಿದ್ದೆ.

“ಅತ್ತಿಗೆ, ನಂಗೆ ಹೇಳ್ಬೇಡಿ ಅಂತ ಅಣ್ಣನೇ ಹೇಳಿದ್ನಾ? ಆ ಬ್ಯಾಂಡ್ ನೋಡ್ಲಿ ಅಂತ?”

ಅತ್ತಿಗೆ ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರು. ಅವರು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು.

“ಇಲ್ಲ ಕಣಮ್ಮ. ಗುರುವಾರನೇ ಅವಳಿಗೆ ಹೇಳಿ ಅಂದಿದ್ರು. ನಿಂಗೆ ಹೇಳಿದ್ದೀವಿ ಅಂತಾನೇ ಅವ್ರು ಅಂದ್ಕೊಂಡಿದ್ರು. ಶುಕ್ರವಾರ ಇಡೀ ದಿನ ಅದೇ ಮಾತು. ಹೊರಟ್ಳಾ, ಹೊರಟ್ಳಾ ಅಂತ.”

“ನೀವೇನಂದ್ರಿ?”

“ಹೊರಟಿದ್ದಾಳೆ ಅಂದೆ. ಪ್ಲೇನ್ ಹತ್ತಿದ್ದಾಳೆ ಅಂದೆ.”

ಅದು ಪೂರ್ತಿ ಸುಳ್ಳೂ ಅಲ್ಲ. ಆ ಶುಕ್ರವಾರ ನಾನು ವಿಮಾನದಲ್ಲೇ ಇದ್ದೆ, ಕಿಟಕಿಯ ಪಕ್ಕದ ಸೀಟಿನಲ್ಲಿ, ನಾಳೆ ಅಣ್ಣ ಏನೆಂದು ತಕರಾರು ತೆಗೆಯುತ್ತಾನೋ ಎಂದು ಯೋಚಿಸುತ್ತಾ.

“ರಾತ್ರಿ ಕೊಳವೆ ಹಾಕೋಕೆ ಬಂದ್ರು,” ಎಂದರು ಅತ್ತಿಗೆ. “ಮಂಪರಿಗೆ ಔಷಧಿ ಕೊಡ್ತೀವಿ, ನಿದ್ದೆ ಬರುತ್ತೆ ಅಂದ್ರು ಡಾಕ್ಟ್ರು. ಇವ್ರು ಮಾಸ್ಕ್ ತೆಗೆದು ನನ್ನ ಹತ್ರ ಕರೆದ್ರು. ಅವಳು ಬಂದ ತಕ್ಷಣ ನನ್ನ ಎಬ್ಬಿಸು, ಹೀಗೆ ಮಲಗಿರೋದು ನೋಡಿದ್ರೆ ಕತ್ತೆ ಹೆದರ್ಕೊಳ್ಳುತ್ತೆ, ಅಂದ್ರು.”

ಅತ್ತಿಗೆ ‘ಆಯ್ತು’ ಎಂದಿದ್ದರಂತೆ.